ಐಸ್ ಪ್ಲಾಂಟಿನ ಬಿಸಿಯಿಂದ ಕುಡಿಯುವ ನೀರು: ಕಾಸರಗೋಡು ಕರಾವಳಿಯಲ್ಲೊಂದು ಪ್ರಯೋಗ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕುಂಬಳೆಯಿಂದ ಮಂಜೇಶ್ವರದವರೆಗಿನ ಕಡಲಬದಿಯ ಬಾವಿಗಳಲ್ಲಿ ಈ ಬೇಸಿಗೆಯಲ್ಲಿಯೂ ನೀರು ಉಪ್ಪಾಗಿರುವ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಟ್ಯಾಂಕರಿನ ಸಂಖ್ಯೆಯನ್ನು ಹೆಚ್ಚಿಸಬೇಕೆಂಬ ಊರವರ ಬೇಡಿಕೆಯೂ, ಕಡಲನೀರಿನಿಂದ ಉಪ್ಪು ತೆಗೆಯುವ ದೊಡ್ಡ ಸ್ಥಾವರವೊಂದನ್ನು ಕಟ್ಟಬೇಕೆಂಬ ಕೆಲವರ ಸಲಹೆಯೂ ಆ ವರದಿಯಲ್ಲಿದ್ದವು. ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ. ಅದು ದೊಡ್ಡ ದಾರಿಯಲ್ಲ, ಆದರೆ ನಮ್ಮ ಊರಿಗೆ ಚೆನ್ನಾಗಿ ಹೊಂದುವಂಥದ್ದು. ಕಡಲಬದಿಯ ಐಸ್ ಪ್ಲಾಂಟುಗಳಲ್ಲಿ ಮೂವತ್ತೊಂದು ವರ್ಷ ಶೀತಲೀಕರಣ ಯಂತ್ರಗಳನ್ನು ನೋಡಿಕೊಂಡು ನಿವೃತ್ತನಾದವನು ನಾನು. ಆ ಪ್ಲಾಂಟುಗಳು ಹಗಲೂ ರಾತ್ರಿಯೂ ಹೊರಗೆ ಚೆಲ್ಲುವ ಬಿಸಿಯಿಂದಲೂ, ಬೇಸಿಗೆಯ ನಮ್ಮ ಬಿಸಿಲಿನಿಂದಲೂ ಕುಡಿಯುವ ನೀರನ್ನು ಮತ್ತು ತಂಪನ್ನು ಒಟ್ಟಿಗೆ ಪಡೆಯುವ ಒಂದು ಸಣ್ಣ ಪ್ರಯೋಗವನ್ನು ನಮ್ಮ ಜಿಲ್ಲೆಯ ಯಾವುದಾದರೊಂದು ಮೀನುಗಾರಿಕಾ ಬಂದರಿನಲ್ಲಿ ನಡೆಸಬೇಕೆಂಬುದೇ ನನ್ನ ವಿನಂತಿ.

ಮೊದಲು ಬಾವಿಯ ಮಾತು. ನನ್ನ ಮನೆಯ ಬಾವಿ ಕಡಲಿನಿಂದ ಅರ್ಧ ಕಿಲೋಮೀಟರಿನಷ್ಟು ಒಳಗಿದೆ. ತುಳುವರ ಆಟಿ ತಿಂಗಳಿನಲ್ಲಿ, ಅಂದರೆ ಜುಲೈ–ಆಗಸ್ಟಿನ ಮಳೆಯಲ್ಲಿ, ಬಗ್ಗಿ ಕೊಡಪಾನದಲ್ಲಿ ಮೊಗೆಯುವಷ್ಟು ಮೇಲಕ್ಕೆ ಬರುವ ನೀರು, ಸುಗ್ಗಿ ಕಳೆದು ಪಗ್ಗು ಬರುವ ಹೊತ್ತಿಗೆ, ಅಂದರೆ ಏಪ್ರಿಲ್ ನಡುವಿಗೆ, ತಳ ಸೇರುತ್ತದೆ. ಮೇ ನಡುವಿನಲ್ಲಿ ಬರುವ ಬೇಶ ತಿಂಗಳಿನಲ್ಲಿ ಆ ನೀರಿನಲ್ಲಿ ಬೇಯಿಸಿದ ಕುಚ್ಚಲಕ್ಕಿಯ ಗಂಜಿಗೆ ಬೇರೆ ಉಪ್ಪು ಹಾಕಬೇಕಾಗಿಲ್ಲ. ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ ಕರಗಿದೆಯೆಂದು ತೋರಿಸುವ ಸಣ್ಣ ಮೀಟರೊಂದನ್ನು ಕೊಂಡು ಕೆಲವು ವರ್ಷಗಳಿಂದ ಬರೆದಿಡುತ್ತಿದ್ದೇನೆ. ಮಳೆಗಾಲದಲ್ಲಿ 200ರ ಆಸುಪಾಸಿನಲ್ಲಿರುವ ಅಂಕಿ ಮೇ ತಿಂಗಳಿನಲ್ಲಿ 1,500ನ್ನು ಮುಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ 500 ಒಪ್ಪತಕ್ಕ ಮಿತಿ; ಬೇರೆ ಮೂಲವೇ ಇಲ್ಲದಿದ್ದಾಗ ಮಾತ್ರ 2,000ದವರೆಗೆ ಸಹಿಸಬಹುದು. ಕಡಲಿನ ನೀರಿನಲ್ಲಿ ಇದೇ ಅಂಕಿ ಸುಮಾರು 35,000 ಇರುತ್ತದೆ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ, ಹನ್ನೆರಡು ನದಿಗಳು ಹರಿಯುವ ಜಿಲ್ಲೆಯಲ್ಲಿ ಹೀಗೇಕೆ ಎಂದು ಹೊರಗಿನವರು ಕೇಳುವುದುಂಟು. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಕಡಲತೀರದ ಮಣ್ಣಿನೊಳಗೆ ಅದು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಎರಡರ ಸಾಂದ್ರತೆಯ ವ್ಯತ್ಯಾಸ ಬಹಳ ಕಡಿಮೆಯಿರುವುದರಿಂದ, ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಸಿಹಿನೀರಿರುತ್ತದೆ. ಆ ಒಂದು ಅಡಿಯನ್ನು ಪಂಪಿನಿಂದ ಎತ್ತಿಬಿಟ್ಟರೆ ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ ನಲವತ್ತು ಅಡಿ ಮೇಲೇರಲು ಹವಣಿಸುತ್ತದೆ. ನೂರು ವರ್ಷಗಳಿಗೂ ಹಿಂದೆ ಘೈಬೆನ್ ಮತ್ತು ಹರ್ಜ್‌ಬರ್ಗ್ ಎಂಬಿಬ್ಬರು ಬೇರೆಬೇರೆಯಾಗಿ ಕಂಡುಕೊಂಡ ಈ ಲೆಕ್ಕವನ್ನು ಕಡಲಬದಿಯ ಪ್ರತಿಯೊಂದು ಗ್ರಾಮಸಭೆಯಲ್ಲಿಯೂ ಒಮ್ಮೆ ವಿವರಿಸಬೇಕು. ಆದ್ದರಿಂದ ಮಳೆನೀರನ್ನು ಇಂಗಿಸುವುದು, ನಮ್ಮ ಹಿರಿಯರು ಮುರಕಲ್ಲಿನ ಗುಡ್ಡಗಳಲ್ಲಿ ನೀರಿಗಾಗಿ ಕೊರೆದ ಸುರಂಗಗಳನ್ನು ಉಳಿಸಿಕೊಳ್ಳುವುದು, ಕಡಲಬದಿಯಲ್ಲಿ ಪಂಪಿನ ಬಳಕೆಗೆ ಕಡಿವಾಣ ಹಾಕುವುದು ಇವೆಲ್ಲವೂ ಮೊದಲು ಆಗಬೇಕಾದ ಕೆಲಸಗಳು. ನಾನು ಮುಂದೆ ಹೇಳುವ ಯಂತ್ರ ಇವುಗಳಿಗೆ ಬದಲಿಯಲ್ಲ. ಕಾಸರಗೋಡು ಪೇಟೆಯವರಿಗೂ ಇದು ಹೊಸ ಅನುಭವವಲ್ಲ. ಪಯಸ್ವಿನಿ ಹೊಳೆಗೆ ಬಾವಿಕ್ಕರೆಯಲ್ಲಿ ಶಾಶ್ವತ ತಡೆ ಬರುವವರೆಗೆ, ವರ್ಷವರ್ಷವೂ ಮರಳಿನ ಚೀಲಗಳ ಕಟ್ಟವನ್ನು ಕಟ್ಟುವುದು, ಅದು ಕೊಚ್ಚಿಹೋಗುವುದು, ಕಡಲು ಉಬ್ಬುವ ಭರತದ ಹೊತ್ತಿನ ಉಪ್ಪುನೀರು ನಲ್ಲಿಯಲ್ಲಿ ಬರುವುದು ಪೇಟೆಯ ಬೇಸಿಗೆಯ ಪಾಡಾಗಿತ್ತು. ಆದರೆ ಹೊಳೆಗೆ ಕಟ್ಟಿದ ತಡೆ ಕಡಲಬದಿಯ ಬಾವಿಗಳನ್ನು ಕಾಯುವುದಿಲ್ಲ.

ಇನ್ನು ಯಂತ್ರದ ವಿಚಾರ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ, ಮಾತ್ರೆಯ ಡಬ್ಬಿಯಲ್ಲಿ ಸಣ್ಣ ಪೊಟ್ಟಣವೊಂದಿರುವುದನ್ನು ಎಲ್ಲರೂ ನೋಡಿದ್ದಾರೆ. ಅದರೊಳಗಿನ ಹರಳೇ ಸಿಲಿಕಾ ಜೆಲ್. ಅದರ ಮೈತುಂಬ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರಂಧ್ರಗಳಿವೆ. ಒಂದೇ ಒಂದು ಗ್ರಾಂ ಹರಳಿನ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು 700 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಹದಿನೇಳು ಸೆಂಟ್ಸ್ ಜಾಗ ಆದೀತು. ನೀರಿನ ಆವಿ ಈ ಒಳಮೈಗೆ ಬಂದು ಅಂಟಿಕೊಳ್ಳುತ್ತದೆ. ಬಟ್ಟೆ ನೀರನ್ನು ಕುಡಿದಂತೆ ಒಳಗೆಲ್ಲ ನೆನೆಯುವುದಲ್ಲ ಇದು, ಬರಿಯ ಮೈಗೆ ಅಂಟಿ ನಿಲ್ಲುವುದು; ಆದ್ದರಿಂದಲೇ ಇದನ್ನು ಮೇಲ್ಮೈ ಹೀರಿಕೆ ಅಥವಾ ಅಡ್ಸಾರ್ಪ್ಶನ್ ಎನ್ನುತ್ತಾರೆ. ತಂಪಾಗಿರುವಾಗ ಆವಿಯನ್ನು ಸೆಳೆದುಕೊಳ್ಳುವ ಹರಳು, 60ರಿಂದ 85 ಡಿಗ್ರಿಯವರೆಗೆ ಬಿಸಿ ಮಾಡಿದಾಗ ಅದನ್ನು ಬಿಟ್ಟುಕೊಡುತ್ತದೆ. ಮತ್ತೆ ತಂಪು ಮಾಡಿದರೆ ಮತ್ತೆ ಸೆಳೆಯುತ್ತದೆ. ಸಾವಿರಾರು ಸಲ ಹೀಗೆ ಮಾಡಿದರೂ ಹರಳು ಬೇಗ ಸೋಲುವುದಿಲ್ಲ.

ಈ ಗುಣವನ್ನು ಬಳಸಿಕೊಂಡು ಕಟ್ಟುವ ಯಂತ್ರದಲ್ಲಿ ಮುಖ್ಯವಾಗಿ ಮೂರು ಕೋಣೆಗಳಿರುತ್ತವೆ. ಮೊದಲನೆಯದರಲ್ಲಿ ಕಡಲಿನ ಅಥವಾ ಬಾವಿಯ ಉಪ್ಪುನೀರಿರುತ್ತದೆ. ಒಳಗಿನ ಗಾಳಿಯನ್ನೆಲ್ಲ ನಿರ್ವಾತ ಪಂಪಿನಿಂದ ತೆಗೆದಿರುವುದರಿಂದ, ಒತ್ತಡವು ಹೊರಗಿನ ಗಾಳಿಯ ಒತ್ತಡದ ಎಂಬತ್ತರಲ್ಲಿ ಒಂದು ಪಾಲಿಗೆ ಇಳಿದಾಗ, ನೀರು ಹತ್ತು ಡಿಗ್ರಿಯಲ್ಲಿಯೇ ಕುದಿಯತೊಡಗುತ್ತದೆ. ಹಾಗೆ ಕುದಿಯುವುದಕ್ಕೆ ಬೇಕಾದ ಶಾಖವನ್ನು ಅದು ತನ್ನ ಮಧ್ಯದಲ್ಲಿ ಹಾದುಹೋಗುವ ಕೊಳವೆಯ ನೀರಿನಿಂದ ಎಳೆದುಕೊಳ್ಳುತ್ತದೆ. ಆ ಕೊಳವೆಯ ನೀರು ತಣ್ಣಗಾಗಿ ಹೊರಬರುತ್ತದೆ. ಎದ್ದ ಆವಿ ಪಕ್ಕದ ಕೋಣೆಯ ಸಿಲಿಕಾ ಜೆಲ್ಲಿಗೆ ಹೋಗಿ ಅಂಟಿಕೊಳ್ಳುತ್ತದೆ. ಎಂಟು ಹತ್ತು ನಿಮಿಷಗಳಲ್ಲಿ ಹರಳು ತುಂಬುತ್ತದೆ. ಆಗ ಆ ಕಡೆಯ ವಾಲ್ವನ್ನು ಮುಚ್ಚಿ, ಹರಳಿನ ನಡುವಿನ ಕೊಳವೆಗಳಲ್ಲಿ ಬಿಸಿನೀರನ್ನು ಹರಿಸಿದರೆ, ಹರಳು ಬಿಟ್ಟುಕೊಟ್ಟ ಆವಿ ಮೂರನೆಯ ಕೋಣೆಗೆ ಹೋಗಿ, ಅಲ್ಲಿ ತಣಿದು, ಶುದ್ಧವಾದ ಭಟ್ಟಿನೀರಾಗಿ ತೊಟ್ಟಿಕ್ಕುತ್ತದೆ. ಉಪ್ಪು ಮೊದಲನೆಯ ಕೋಣೆಯಲ್ಲಿಯೇ ಉಳಿಯುತ್ತದೆ. ಹರಳಿನ ಕೋಣೆಗಳು ಜೋಡಿಯಾಗಿರುವುದರಿಂದ ಒಂದು ಆವಿಯನ್ನು ಹೀರುತ್ತಿರುವಾಗ ಇನ್ನೊಂದು ಬಿಡುತ್ತಿರುತ್ತದೆ, ಕೆಲಸ ನಿಲ್ಲುವುದಿಲ್ಲ. ಕಂಪ್ರೆಸರ್ ಇಲ್ಲ. ತಿರುಗುವ ಭಾಗಗಳೆಂದರೆ ಪಂಪುಗಳು ಮಾತ್ರ.

ಐಸ್ ಪ್ಲಾಂಟಿನಲ್ಲಿ ಬಾಳು ಸವೆಸಿದ ನನಗೆ ಇದರಲ್ಲಿ ಅತ್ಯಂತ ಮೆಚ್ಚುಗೆಯಾದ ಸಂಗತಿ ಬೇರೆಯೇ ಇದೆ. ಕಡಲನೀರನ್ನು ಬೆಂಕಿಯ ಮೇಲೆ ಕುದಿಸಿದರೆ ಪಾತ್ರೆಯ ಮೈಗೆ ಸುಣ್ಣದಂತಹ ಗಟ್ಟಿ ಪದರ ಹತ್ತುತ್ತದೆ, ಕಬ್ಬಿಣ ತುಕ್ಕು ಹಿಡಿದು ತೂತಾಗುತ್ತದೆ. ಇಲ್ಲಿ ಉಪ್ಪುನೀರು ಎಂದಿಗೂ ಬಿಸಿಯಾಗುವುದೇ ಇಲ್ಲ. ಬಿಸಿಯೆಲ್ಲ ಹರಳಿನ ಕೋಣೆಯಲ್ಲಿ, ಅಲ್ಲಿಗೆ ಬರುವುದು ಉಪ್ಪಿಲ್ಲದ ಆವಿ. ಉಪ್ಪೂ ಬಿಸಿಯೂ ಒಟ್ಟಿಗೆ ಸೇರದಂತೆ ನೋಡಿಕೊಂಡಿರುವ ಈ ಏರ್ಪಾಡಿನ ಬೆಲೆ, ಬಿಸಿ ಅನಿಲವನ್ನು ತಣಿಸಿ ದ್ರವವಾಗಿಸುವ ಕಂಡೆನ್ಸರಿನ ಕೊಳವೆಗಳನ್ನು ವರ್ಷಕ್ಕೆರಡು ಸಲ ಬಿಚ್ಚಿ ಬ್ರಷ್ ಹಾಕಿ ಉಜ್ಜಿದವರಿಗೆ ಗೊತ್ತು.

ಇದು ಬರಿಯ ಕನಸೂ ಅಲ್ಲ. ಸಿಲಿಕಾ ಜೆಲ್ ಬಳಸಿ ತಂಪು ಮಾಡುವ ಯಂತ್ರಗಳು ಜಪಾನಿನಲ್ಲಿ 1980ರ ದಶಕದಲ್ಲಿಯೇ ಮಾರುಕಟ್ಟೆಗೆ ಬಂದವು. ಅದೇ ಯಂತ್ರದಿಂದ ಕಡಲನೀರಿನ ಉಪ್ಪನ್ನೂ ತೆಗೆಯಬಹುದೆಂಬುದರ ಬಗ್ಗೆ ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿಯೂ, ಅನಂತರ ಸೌದಿ ಅರೇಬಿಯಾದಲ್ಲಿಯೂ ಕಿಮ್ ಚೂನ್ ಎಂಗ್ ಅವರ ತಂಡ ದೀರ್ಘಕಾಲ ಕೆಲಸ ಮಾಡಿತು. 80–85 ಡಿಗ್ರಿಯ ಬಿಸಿನೀರು ಕೊಟ್ಟಾಗ ಒಂದು ಕಿಲೋ ಹರಳಿನಿಂದ ದಿನಕ್ಕೆ ನಾಲ್ಕರಿಂದ ಹತ್ತು ಲೀಟರಿನವರೆಗೆ ನೀರು ಪಡೆಯಬಹುದೆಂದು ಇಂತಹ ಅಧ್ಯಯನಗಳು ತೋರಿಸಿವೆ. ನಮ್ಮ ಹತ್ತಿರದಲ್ಲಿಯೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ತಂಪನ್ನೂ ನೀರನ್ನೂ ಒಟ್ಟಿಗೆ ಕೊಡುವ ಎರಡು ಹಂತದ ಸಿಲಿಕಾ ಜೆಲ್ ಯಂತ್ರವನ್ನು ಕಟ್ಟಿ ಪರೀಕ್ಷಿಸಿದ್ದಾರೆ. ಭಾಷೆಯ ದೃಷ್ಟಿಯಿಂದಲೂ ದಾರಿಯ ದೃಷ್ಟಿಯಿಂದಲೂ ನಮಗೆ ಅದು ದೂರದ ಸಂಸ್ಥೆಯಲ್ಲ.

ಲಕ್ಷದ್ವೀಪದ ಕವರತ್ತಿಯಲ್ಲಿ 2005ರಿಂದ ಕಡಲಿನ ಮೇಲ್ಮೈಯ ಬೆಚ್ಚನೆಯ ನೀರನ್ನೂ ಆಳದ ತಣ್ಣನೆಯ ನೀರನ್ನೂ ಬಳಸಿ, ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಸ್ಥಾವರವನ್ನು ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ನಡೆಸಿ ತೋರಿಸಿದ್ದಾರೆ. ಅದನ್ನೇ ಇಲ್ಲಿಗೂ ತರಬಾರದೇಕೆ ಎಂದು ಕೇಳುವವರಿದ್ದಾರೆ. ದ್ವೀಪದ ಪಕ್ಕದಲ್ಲಿಯೇ ಕಡಲು ಕಡಿದಾಗಿ ಆಳವಾಗುವುದರಿಂದ ಅಲ್ಲಿ 350 ಮೀಟರ್ ಆಳದ ತಣ್ಣೀರು ದಡಕ್ಕೆ ಹತ್ತಿರದಲ್ಲಿ ಸಿಗುತ್ತದೆ. ನಮ್ಮ ಕಡಲೋ ಹತ್ತಾರು ಮೈಲಿಗಳವರೆಗೆ ಆಳವಿಲ್ಲದ್ದು. ಅಷ್ಟು ದೂರ ಕೊಳವೆ ಹಾಕುವ ಮಾತು ಆಗದು. ನಮಗೆ ಬೇಕಾದದ್ದು ಆಳದ ತಂಪನ್ನು ಬೇಡದ, ದಡದಲ್ಲಿಯೇ ಸಿಗುವ ಬಿಸಿಯಿಂದ ನಡೆಯುವ ಉಪಾಯ.

ಆ ಬಿಸಿ ಎಲ್ಲಿದೆ ಎಂಬಲ್ಲಿಗೆ ಬರುತ್ತೇನೆ. ದಿನಕ್ಕೆ ಹತ್ತು ಟನ್ ಮಂಜುಗಡ್ಡೆ ಮಾಡುವ, ಅಮೋನಿಯಾ ಅನಿಲದಿಂದ ತಂಪು ಪಡೆಯುವ ಸಾಧಾರಣ ಪ್ಲಾಂಟನ್ನು ತೆಗೆದುಕೊಳ್ಳೋಣ. ಮೂವತ್ತು ಡಿಗ್ರಿಯ ನೀರನ್ನು ಮಂಜುಗಡ್ಡೆಯಾಗಿಸಿ, ಐಸ್ ಕ್ಯಾನುಗಳನ್ನು ಮುಳುಗಿಸಿಡುವ ತಣ್ಣನೆಯ ಉಪ್ಪುನೀರಿನ ತೊಟ್ಟಿಯ, ಅಂದರೆ ಬ್ರೈನ್ ಟ್ಯಾಂಕಿನ, ಗೋಡೆಗಳ ಮೂಲಕ ನುಗ್ಗುವ ಬಿಸಿಯನ್ನೂ ಸೇರಿಸಿದರೆ, ಅಷ್ಟು ಮಂಜುಗಡ್ಡೆಯಿಂದ ಕರೆಂಟಿನ ಯೂನಿಟಿನಲ್ಲಿಯೇ ಅಳೆದರೆ ದಿನಕ್ಕೆ ಸುಮಾರು 1,550 ಯೂನಿಟ್ ಶಾಖವನ್ನು ತೆಗೆಯಬೇಕು. ಅದಕ್ಕೆ ಕಂಪ್ರೆಸರು 500 ಯೂನಿಟ್ ಕರೆಂಟು ತಿನ್ನುತ್ತದೆ. ಇವೆರಡೂ ಸೇರಿ 2,000ಕ್ಕೂ ಮಿಕ್ಕಿದ ಯೂನಿಟ್ ಶಾಖ ಕಂಡೆನ್ಸರಿನ ಮೂಲಕ ಗಾಳಿಗೂ ನೀರಿಗೂ ಹೋಗಿಬಿಡುತ್ತದೆ. ಇದರಲ್ಲಿ ಹೆಚ್ಚಿನ ಪಾಲು 35–40 ಡಿಗ್ರಿಯದ್ದಾದ್ದರಿಂದ ಈ ಕೆಲಸಕ್ಕೆ ಬಾರದು. ಆದರೆ ಅಮೋನಿಯಾದ ಒಂದು ಗುಣವನ್ನು ಕೈಯಿಟ್ಟು ನೋಡಿದವರೆಲ್ಲ ಬಲ್ಲರು: ಕಂಪ್ರೆಸರಿನಿಂದ ಹೊರಡುವ ಕೊಳವೆಯಲ್ಲಿ ಅನಿಲ ನೂರು ಡಿಗ್ರಿಗಿಂತಲೂ ಬಿಸಿಯಾಗಿರುತ್ತದೆ. ಕಂಡೆನ್ಸರಿಗೆ ಹೋಗುವ ಮುಂಚೆ ಅದನ್ನು ಒಂದು ಶಾಖವಿನಿಮಯ ಕೊಳವೆಯ ಮೂಲಕ ಹಾಯಿಸಿದರೆ, ಒಟ್ಟು ಶಾಖದ ಎಂಟನೆಯ ಒಂದು ಪಾಲಿನಷ್ಟು, ಅಂದರೆ ದಿನಕ್ಕೆ 240 ಯೂನಿಟಿನಷ್ಟನ್ನು 65–70 ಡಿಗ್ರಿಯ ಬಿಸಿನೀರಾಗಿ ಹಿಡಿಯಬಹುದು. ಇದನ್ನು ನಾವು ಇಷ್ಟು ವರ್ಷ ಸುಮ್ಮನೆ ಕಳೆದಿದ್ದೇವೆ.

ಒಂದು ಲೀಟರ್ ನೀರನ್ನು ಆವಿಯಾಗಿಸಲು ಸುಮಾರು 0.68 ಯೂನಿಟ್ ಶಾಖ ಬೇಕು. ಅಡ್ಸಾರ್ಪ್ಶನ್ ಯಂತ್ರದಲ್ಲಿ ಹರಳನ್ನೂ ಲೋಹವನ್ನೂ ಬಿಸಿ ಮಾಡಿ ತಣಿಸುವ ನಷ್ಟವೂ ಸೇರುವುದರಿಂದ, ಅಷ್ಟೇನೂ ಬಿಸಿಯಿಲ್ಲದ ಈ ನೀರಿನಿಂದ ನಡೆಸಿದಾಗ ಲೀಟರಿಗೆ 1.6 ಯೂನಿಟ್ ಹಿಡಿಯುತ್ತೇನೆ. ಹಾಗಾದರೆ 240 ಯೂನಿಟಿನಿಂದ ದಿನಕ್ಕೆ 150 ಲೀಟರ್ ಭಟ್ಟಿನೀರು. ಅದರ ಜತೆಗೆ, ಅದೇ 150 ಲೀಟರ್ ಉಪ್ಪುನೀರು ಕುದಿಯುವಾಗ ಎಳೆದುಕೊಂಡ 100 ಯೂನಿಟಿನಷ್ಟು ತಂಪು. ಈ ತಂಪಿನಿಂದ ಮಂಜುಗಡ್ಡೆ ಮಾಡಲಾಗದು, ಏಕೆಂದರೆ ನೀರನ್ನೇ ಕುದಿಸುವ ಯಂತ್ರ ಸೊನ್ನೆ ಡಿಗ್ರಿಗಿಂತ ಕೆಳಗೆ ಕೆಲಸ ಮಾಡುವುದಿಲ್ಲ. ಆದರೆ ಐಸ್ ಕ್ಯಾನುಗಳಿಗೆ ತುಂಬುವ ಹತ್ತು ಟನ್ ನೀರನ್ನು ಮುಂಚಿತವಾಗಿ ಎಂಟು ಡಿಗ್ರಿಗೂ ಹೆಚ್ಚು ತಣಿಸಿ ಕೊಡಬಹುದು. ಕಂಪ್ರೆಸರಿನ ಹೊರೆ ನೂರರಲ್ಲಿ ಆರು ಪಾಲು ಕಡಿಮೆಯಾಗಿ, ದಿನಕ್ಕೆ ಸುಮಾರು 30 ಯೂನಿಟ್ ಕರೆಂಟು ಉಳಿಯುತ್ತದೆ. ಹೊಸ ಯಂತ್ರದ ಪಂಪುಗಳಿಗೆ ಅದರಲ್ಲಿ ಒಂದು ಪಾಲು ಹೋದರೂ ಮಾಲಕನಿಗೆ ನಷ್ಟವಿಲ್ಲ. ಇದು ನಾನು ಕಾಗದದ ಮೇಲೆ ಮಾಡಿದ ಅಂದಾಜು ಮಾತ್ರ. ಸರಿಯೋ ತಪ್ಪೋ ಎಂಬುದು ಯಂತ್ರ ಓಡಿದಾಗ ತಿಳಿಯಬೇಕು. ಪ್ರಯೋಗ ಬೇಕೆಂದು ಕೇಳುತ್ತಿರುವುದು ಅದಕ್ಕಾಗಿಯೇ.

ಬಿಸಿಲಿನ ಲೆಕ್ಕ ಇನ್ನೂ ಸುಲಭ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಒಂದು ಚದರ ಮೀಟರ್ ಜಾಗದ ಮೇಲೆ ದಿನಕ್ಕೆ ಐದೂವರೆಯಿಂದ ಆರು ಯೂನಿಟಿನಷ್ಟು ಬಿಸಿಲು ಬೀಳುತ್ತದೆ. ಗಾಜಿನ ನಿರ್ವಾತ ಕೊಳವೆಗಳ ಸೋಲಾರ್ ಹೀಟರು ಅದರ ಅರ್ಧವನ್ನು 80 ಡಿಗ್ರಿಯ ಬಿಸಿನೀರಾಗಿ ಕೊಟ್ಟರೆ, ಈ ನೀರು ಹೆಚ್ಚು ಬಿಸಿಯಾದ್ದರಿಂದ ಲೀಟರಿಗೆ 1.6ಕ್ಕಿಂತ ಕಡಿಮೆ ಯೂನಿಟ್ ಸಾಕಾಗಿ, ಚದರ ಮೀಟರಿಗೆ ಸುಮಾರು ಎರಡು ಲೀಟರ್ ನೀರಾಗುತ್ತದೆ. ಬಂದರಿನ ಹರಾಜು ಕಟ್ಟೆಯ ಮಾಡಿನ ಮೇಲೆ ನೂರು ಚದರ ಮೀಟರ್ ಹಾಕಿದರೆ ದಿನಕ್ಕೆ 200 ಲೀಟರ್. ಬಾವಿಯ ನೀರು ಉಪ್ಪಾಗುವ ತಿಂಗಳುಗಳೂ ಬಿಸಿಲು ಹೆಚ್ಚಿರುವ ತಿಂಗಳುಗಳೂ ಒಂದೇ ಆಗಿರುವುದು ನಮಗೆ ಅನುಕೂಲ. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಆಗ ಬಾವಿಯ ನೀರು ಸಿಹಿಯಾಗಿಯೇ ಇರುತ್ತದೆ.

ಎರಡೂ ಸೇರಿ 350 ಲೀಟರ್ ಆಯಿತು. ಇಷ್ಟೇಯೇ ಎಂದು ಓದುಗರು ಕೇಳಬಹುದು. ಆದರೆ ಭಟ್ಟಿನೀರಿನಲ್ಲಿ ಲವಣವೇ ಇರುವುದಿಲ್ಲವಾದ್ದರಿಂದ ಅದನ್ನು ಹಾಗೆಯೇ ಕುಡಿಯುವುದು ಒಳ್ಳೆಯದೂ ಅಲ್ಲ, ರುಚಿಯೂ ಅಲ್ಲ. 1,500ರ ಉಪ್ಪಿರುವ ನನ್ನ ಬಾವಿಯ ನೀರು ಒಂದು ಪಾಲು, ಭಟ್ಟಿನೀರು ಎರಡು ಪಾಲು ಬೆರೆಸಿದರೆ ಮಾನಕ ಹೇಳುವ 500 ಸರಿಯಾಗಿ ಬರುತ್ತದೆ. ಬಾವಿಯ ನೀರಿಗೆ ಕ್ಲೋರಿನ್ ಹಾಕಿ, ಹೀಗೆ ಬೆರೆಸಿದಾಗ 350 ಲೀಟರು 500 ಲೀಟರನ್ನು ಮೀರುತ್ತದೆ. ಕುಡಿಯಲು ಮತ್ತು ಗಂಜಿಗೆ ತಲೆಗೆ ಐದು ಲೀಟರಿನಂತೆ ನೂರು ಜನಕ್ಕೆ ಸಾಕು. ಮೀಯಲು, ಒಗೆಯಲು ಬಾವಿಯ ನೀರೇ ಇರಲಿ. ಟ್ಯಾಂಕರಿಗಾಗಿ ಬೆಳಗ್ಗಿನ ಕೆಲಸ ಬಿಟ್ಟು ರಸ್ತೆಯ ಬದಿಯಲ್ಲಿ ಕೊಡ ಇಟ್ಟು ಕಾಯುವ ಬೆಸ್ತರ ಮನೆಯ ಹೆಂಗಸರನ್ನು ನಾನು ಪ್ರತಿವರ್ಷ ನೋಡುತ್ತಿದ್ದೇನೆ. ಅವರ ಪಾಲಿಗೆ ಇಪ್ಪತ್ತು ಮನೆಗಳ ಕುಡಿಯುವ ನೀರು ಸಣ್ಣ ವಿಷಯವಲ್ಲ.

ಈ ಯಂತ್ರದ ಕುಂದುಗಳನ್ನು ಮುಚ್ಚಿಟ್ಟರೆ ನನ್ನ ಮಾತಿಗೆ ಬೆಲೆಯಿರುವುದಿಲ್ಲ. ನೀರು ಮಾತ್ರ ಬೇಕು, ತಂಪು ಬೇಡ ಎನ್ನುವ ಕಡೆಗಳಲ್ಲಿ, ನೀರನ್ನು ಒತ್ತಡದಿಂದ ಪೊರೆಯ ಮೂಲಕ ಹಾಯಿಸಿ ಉಪ್ಪು ತೆಗೆಯುವ ಆರ್‌ಓ ಯಂತ್ರವೇ ಅಗ್ಗ. ಕಡಲನೀರಿಗೆ ಆರ್‌ಓ ಸಾವಿರ ಲೀಟರಿಗೆ ಮೂರು ನಾಲ್ಕು ಯೂನಿಟ್ ಕರೆಂಟು ಬೇಡುತ್ತದೆ. ನನ್ನ ಬಾವಿಯಂತಹ ಅರೆ ಉಪ್ಪಿನ ನೀರಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಆವಿ ಮಾಡುವ ಯಂತ್ರಕ್ಕೆ ಉಪ್ಪು ಹೆಚ್ಚಿದ್ದರೂ ಕಡಿಮೆಯಿದ್ದರೂ ಬೇಕಾಗುವ ಶಾಖ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಮಿಂಜೂರು, ನೆಮ್ಮೇಲಿಗಳಲ್ಲಿ ಚೆನ್ನೈ ಮಹಾನಗರಕ್ಕಾಗಿ ಕಟ್ಟಿದ, ದಿನಕ್ಕೆ ಹತ್ತು ಕೋಟಿ ಲೀಟರಿನ ಆರ್‌ಓ ಸ್ಥಾವರಗಳ ಜತೆ ಇದನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಆದರೆ ಸಣ್ಣ ಊರಿನಲ್ಲಿ ಆರ್‌ಓ ಏನಾಗುತ್ತದೆಂಬುದನ್ನೂ ಹೇಳಬೇಕು. ನಮ್ಮ ಸಮೀಪದ ಸಂಸ್ಥೆಯೊಂದರಲ್ಲಿ ದಾನಿಗಳು ಕೊಡಿಸಿದ ಯಂತ್ರದ ಪೊರೆ ಎರಡೇ ಬೇಸಿಗೆಗೆ ಕಟ್ಟಿಹೋಯಿತು. ಹೊಸದಕ್ಕೆ ಹಣವೆಲ್ಲಿಯದೆಂಬ ಚರ್ಚೆಯಲ್ಲಿಯೇ ಮೂರನೆಯ ಬೇಸಿಗೆ ಕಳೆಯಿತು. ಅಷ್ಟು ದಿನ ಆ ಯಂತ್ರ ಹೊರಗೆ ಬಿಡುತ್ತಿದ್ದ ಹೆಚ್ಚು ಉಪ್ಪಿನ ನೀರನ್ನು ಬಾವಿಯಿಂದ ಹತ್ತು ಮಾರು ದೂರದ ತೆಂಗಿನ ಬುಡಕ್ಕೆ ಹರಿಸಲಾಗುತ್ತಿತ್ತು. ಅದನ್ನು ಬೇಡವೆಂದು ಹೇಳಲು ನಾನು ತಡಮಾಡಿದೆನೆಂಬ ಕೊರಗು ನನಗೆ ಇನ್ನೂ ಇದೆ. ಅಡ್ಸಾರ್ಪ್ಶನ್ ಯಂತ್ರದಲ್ಲಿಯೂ ಉಪ್ಪುನೀರು ಉಳಿಯುತ್ತದೆ. ಅದು ಕಡಲಿಗೇ ಹೋಗಬೇಕು, ಮಣ್ಣಿಗೆ ಬೀಳಬಾರದು.

ಎರಡನೆಯದಾಗಿ, ಈ ಯಂತ್ರಕ್ಕೆ ಬಿಸಿನೀರು ಎಷ್ಟು ಮುಖ್ಯವೋ ತಣಿಸುವ ನೀರೂ ಅಷ್ಟೇ ಮುಖ್ಯ. ಕೊಟ್ಟ ಬಿಸಿಯೂ, ಎಳೆದುಕೊಂಡ ಬಿಸಿಯೂ ಕೊನೆಗೆ ಮೂವತ್ತು ಡಿಗ್ರಿಯ ಸುತ್ತಿನ ನೀರಿನ ಮೂಲಕ ಹೊರಗೆ ಹೋಗಬೇಕು. ಪೇಟೆಯ ನಡುವಿನ ಕಟ್ಟಡದಲ್ಲಿ ಇದನ್ನು ಇಟ್ಟು, ತಣಿಸಲು ಕೂಲಿಂಗ್ ಟವರ್ ಕಟ್ಟಿದರೆ, ಒಂದು ಲೀಟರ್ ಸಿಹಿನೀರು ಮಾಡುವುದಕ್ಕಾಗಿ ಟವರಿನಲ್ಲಿ ಮೂರು ಲೀಟರಿನಷ್ಟು ಸಿಹಿನೀರು ಆವಿಯಾಗಿ ಹಾರಿಹೋಗುತ್ತದೆ! ಯೋಜನೆ ತಯಾರಿಸುವವರು ಇದನ್ನು ಗಮನಿಸದೆ ಹೋದರೆ ಇಡೀ ಕೆಲಸ ತಲೆಕೆಳಗಾಗುತ್ತದೆ. ಕಡಲಿನ ಅಥವಾ ಅಳಿವೆಯ ನೀರನ್ನೇ ಕೊಳವೆಯಲ್ಲಿ ಹಾಯಿಸಿ ತಣಿಸಲು ಬರುವ ಜಾಗವೇ ಇದಕ್ಕೆ ತಕ್ಕದ್ದು. ಐಸ್ ಪ್ಲಾಂಟಿನ ಬಿಸಿ, ತಣಿಸಲು ಕಡಲನೀರು, ತಂಪನ್ನು ಬಳಸುವ ಕೆಲಸ, ಕುಡಿಯುವ ನೀರಿಲ್ಲದ ಮನೆಗಳು, ಈ ನಾಲ್ಕೂ ಒಂದೇ ಕೂಗಳತೆಯಲ್ಲಿರುವ ಜಾಗವೆಂದರೆ ಮೀನುಗಾರಿಕಾ ಬಂದರು. ಮಂಜೇಶ್ವರದಲ್ಲಿಯೂ ಕಾಸರಗೋಡಿನ ಕಸಬಾ ಕಡಪ್ಪುರದಲ್ಲಿಯೂ ಅಂತಹ ಜಾಗಗಳಿವೆ.

ಮೂರನೆಯದು ನಿರ್ವಾತ. ನಮ್ಮ ಕಡೆಯ ಮೆಕ್ಯಾನಿಕರಿಗೆ ಅಮೋನಿಯಾ ಗೊತ್ತು. ಅದರ ಒತ್ತಡ ಒಳಗಿನಿಂದ ಹೊರಕ್ಕೆ. ಎಲ್ಲಾದರೂ ಸೋರಿದರೆ ಮೂಗಿಗೆ ಬಡಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಆ ಕ್ಷಣವೇ ವಾಲ್ವ್ ಮುಚ್ಚುತ್ತೇವೆ. ಈ ಯಂತ್ರದಲ್ಲಿ ಸೋರಿಕೆಯೆಂದರೆ ಹೊರಗಿನ ಗಾಳಿ ಸದ್ದಿಲ್ಲದೆ ಒಳಗೆ ಸೇರುವುದು. ವಾಸನೆ ಇಲ್ಲ, ಶಬ್ದ ಇಲ್ಲ. ದಿನದಿಂದ ದಿನಕ್ಕೆ ನೀರು ಕಡಿಮೆಯಾಗುತ್ತ ಬರುವುದೊಂದೇ ಗುರುತು. ಉಪ್ಪುಗಾಳಿಗೆ ಬೇಗ ಸವೆಯುವ ಗ್ಯಾಸ್ಕೆಟ್, ಬೋಲ್ಟುಗಳಿರುವ ನಮ್ಮ ಊರಿನಲ್ಲಿ ಇದು ದೊಡ್ಡ ತೊಡಕಾಗಬಹುದು. ಕಡಲನೀರಿನಲ್ಲಿ ಕರಗಿರುವ ಗಾಳಿಯೂ ಕುದಿಯುವಾಗ ಹೊರಬಂದು ಸೇರುವುದರಿಂದ ಅದನ್ನು ಮೊದಲೇ ತೆಗೆಯುವ ಏರ್ಪಾಡೂ ಬೇಕು. ಆದ್ದರಿಂದ ಯಂತ್ರವನ್ನು ಎಲ್ಲಿಂದಲೋ ತಂದಿಟ್ಟು, ರಿಬ್ಬನ್ ಕತ್ತರಿಸಿ ಹೋಗುವುದಾದರೆ ನನಗೆ ಅಂತಹ ಪ್ರಯೋಗ ಬೇಡ. ಊರಿನ ನಾಲ್ವರು ಯುವಕರಿಗೆ ನಿರ್ವಾತದ ಕೆಲಸವನ್ನು ಮುಂಚಿತವಾಗಿ ಕಲಿಸಬೇಕು. ಐಟಿಐ ಮುಗಿಸಿ, ಗಲ್ಫಿಗೆ ಹೋಗಿ ಎಸಿ ಕೆಲಸ ಮಾಡಿ ಮರಳಿ ಬಂದವರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಕಲಿಸಿದರೆ ಆರು ತಿಂಗಳಲ್ಲಿ ಅವರು ಇದನ್ನು ಕೈಗೂಡಿಸಿಕೊಳ್ಳುತ್ತಾರೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಯಾರು ಮಾಡಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಬಿಸಿಲಿನ ಪಾಲಿಗೆ ಕೇರಳದ ನವೀಕರಿಸಬಹುದಾದ ಶಕ್ತಿಯ ಸಂಸ್ಥೆ ಅನೆರ್ಟ್ ಇದೆ. ಅಳೆದು ಬರೆಯಲು ಪೊವ್ವಲಿನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿದ್ದಾರೆ. ಯಂತ್ರದ ವಿನ್ಯಾಸಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಳಿಕೊಳ್ಳಬಹುದು. ಜಾಗ ಮತ್ತು ಐಸ್ ಪ್ಲಾಂಟಿನ ಮಾಲಕರ ಒಪ್ಪಿಗೆಯನ್ನು ಮೀನುಗಾರಿಕಾ ಇಲಾಖೆಯೂ ಪಂಚಾಯತೂ ಸೇರಿ ಪಡೆಯಬೇಕು. ಇವರೆಲ್ಲರನ್ನು ಒಂದು ಮೇಜಿನ ಸುತ್ತ ಕೂರಿಸುವ ಕೆಲಸ ಜಿಲ್ಲಾ ಪಂಚಾಯತಿನದು. ಯಂತ್ರ ಓಡತೊಡಗಿದ ಮೇಲೆ, ದಿನಕ್ಕೆ ಎಷ್ಟು ನೀರು ಬಂತು, ಅದರಲ್ಲಿ ಲವಣ ಎಷ್ಟಿತ್ತು, ಪಂಪುಗಳು ಎಷ್ಟು ಕರೆಂಟು ತಿಂದವು, ಐಸ್ ಪ್ಲಾಂಟಿನ ಮೀಟರಿನಲ್ಲಿ ಎಷ್ಟು ಉಳಿಯಿತು ಎಂಬ ನಾಲ್ಕು ಅಂಕಿಗಳನ್ನು ಬಂದರಿನ ಹಲಗೆಯ ಮೇಲೆ ದಿನವೂ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆಯಬೇಕು. ಯಂತ್ರ ನಡೆಸುವವರಿಗೆ ಕೊಡುವ ಕೈಪಿಡಿಯೂ ಎರಡೂ ಭಾಷೆಗಳಲ್ಲಿರಬೇಕು. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಎಷ್ಟೋ ಯಂತ್ರಗಳು ಹಾಳಾಗಿ ಮೂಲೆ ಸೇರಿದ್ದಕ್ಕೆ ಅವುಗಳ ಪುಸ್ತಕವನ್ನು ಓದಬಲ್ಲವರು ಇಲ್ಲದ್ದೂ ಒಂದು ಕಾರಣವೆಂಬುದನ್ನು ನಾನು ಕೆಲಸದಲ್ಲಿದ್ದಾಗ ಕಣ್ಣಾರೆ ಕಂಡಿದ್ದೇನೆ.

ಎರಡು ಬೇಸಿಗೆ ಈ ಹಲಗೆಯನ್ನು ನೋಡಿದರೆ ಸಾಕು, ಮುಂದೆ ಹೋಗಬೇಕೇ ಬೇಡವೇ ಎಂದು ಊರೇ ತೀರ್ಮಾನಿಸಬಹುದು. 150 ಲೀಟರಿನ ಬದಲು 60 ಲೀಟರೇ ಬಂದರೆ ಅದನ್ನೂ ಹಾಗೆಯೇ ಬರೆಯಲಿ.

ಈ ಪತ್ರದೊಂದಿಗೆ ಹತ್ತು ಟನ್ನಿನ ಪ್ಲಾಂಟಿನ ಶಾಖದ ಲೆಕ್ಕವನ್ನೂ, ನನ್ನ ಬಾವಿಯ ನೀರಿನ ತಿಂಗಳವಾರು ಅಂಕಿಗಳನ್ನೂ ಬೇರೆ ಹಾಳೆಗಳಲ್ಲಿ ಇಟ್ಟಿದ್ದೇನೆ. ಸ್ಥಳವಿಲ್ಲದಿದ್ದರೆ ಅವನ್ನು ಪ್ರಕಟಿಸಬೇಕಾಗಿಲ್ಲ. ಕೇಳಿ ಬಂದ ಇಂಜಿನಿಯರರಿಗೋ ಪಂಚಾಯತ್ ಸದಸ್ಯರಿಗೋ ತಾವು ಕೊಟ್ಟರೆ ಉಪಕಾರವಾಗುತ್ತದೆ. ಲೆಕ್ಕದಲ್ಲಿ ತಪ್ಪು ಕಂಡವರು ತಮ್ಮ ಪತ್ರಿಕೆಯಲ್ಲಿಯೇ ತಿದ್ದಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಶೀತಲೀಕರಣ ತಂತ್ರಜ್ಞ,
ಶಿರಿಯ, ಕಾಸರಗೋಡು ಜಿಲ್ಲೆ